ಎಕ್ಸ್‌ಜೆಸಿಯಲ್ಲಿ ‘ಪ್ರಾಪರ್ಟಿ ವ್ಯಾಲ್ಯೂ ಈಸ್ ಆಲ್ರೆಡಿ ಡಿಫೈನ್ಡ್’ ಎರರ್ ಬಂದರೆ

ಎಕ್ಸ್‌ಜೆಸಿ ಎಂದರೆ ಎಕ್ಸ್‌ಎಂಎಲ್ ಸ್ಕೀಮಾದಿಂದ (ಎಕ್ಸ್‌ಎಸ್‌ಡಿ ಫೈಲ್) ಜಾವಾ ಕ್ಲಾಸ್‌ಗಳನ್ನು ತಯಾರಿಸುವ, ಜಾಕ್ಸ್‌ಬಿ ಲೈಬ್ರರಿಯ ಸಾಧನ. ಈ ಎರರ್ ಬಂದರೆ ಎಕ್ಸ್‌ಎಸ್‌ಡಿಯಲ್ಲಿ ಸಿಂಪಲ್‌ಕಂಟೆಂಟ್ (ಒಳಗೆ ಬೇರೆ ಟ್ಯಾಗ್ ಇಲ್ಲದೆ ಬರೀ ಪಠ್ಯ) ಇರುವ ಟೈಪ್ ಹುಡುಕಿ. ಟ್ಯಾಗ್ ಒಳಗಿನ ಪಠ್ಯಕ್ಕೆ ಎಕ್ಸ್‌ಜೆಸಿ ತಾನಾಗಿಯೇ ‘ವ್ಯಾಲ್ಯೂ’ ಎಂದು ಹೆಸರಿಡುತ್ತದೆ. ಅದೇ ಹೆಸರಿನ ಆಟ್ರಿಬ್ಯೂಟ್ ಕೂಡ ಇದ್ದರೆ ಎರಡಕ್ಕೂ ಡಿಕ್ಕಿ.

ಸ್ಕೀಮಾ ಬೇರೆಯವರದಾದರೆ ದಯವಿಟ್ಟು ಅದನ್ನೇ ತಿದ್ದಬೇಡಿ, ಮುಂದಿನ ಆವೃತ್ತಿ ಬಂದಾಗ ತಿದ್ದಿದ್ದೆಲ್ಲ ಹೋಗುತ್ತದೆ. ಪ್ರತ್ಯೇಕ ಎಕ್ಸ್‌ಜೆಬಿ ಫೈಲಿನಲ್ಲಿ (ಎಕ್ಸ್‌ಜೆಸಿಗೆ ಹೆಸರು ಇತ್ಯಾದಿ ಸೂಚನೆ ಕೊಡುವ ಬೈಂಡಿಂಗ್ ಫೈಲ್) ಎಕ್ಸ್‌ಪಾತ್‌ನಿಂದ (ಎಕ್ಸ್‌ಎಂಎಲ್ ಒಳಗಿನ ಜಾಗ ಗುರುತಿಸುವ ಬರಹ) ಆ ಆಟ್ರಿಬ್ಯೂಟ್ ತೋರಿಸಿ, ಜಾಕ್ಸ್‌ಬಿ ಪ್ರಾಪರ್ಟಿಯಲ್ಲಿ ‘ವ್ಯಾಲ್ಯೂಆಟ್ರ್’ ಅಂತ ಹೆಸರು ಕೊಡಿ. ಆ ಫೈಲನ್ನು ‘-ಬಿ’ ಆಯ್ಕೆಯ ಜೊತೆ ಸೇರಿಸಿ ಎಕ್ಸ್‌ಜೆಸಿ ಓಡಿಸಿ.

ಆಗ ‘ಎಂಪ್ಟಿ ಟಾರ್ಗೆಟ್ ನೋಡ್’ ಎಂಬ ಎರರ್ ಬಂದರೆ ಎಕ್ಸ್‌ಪಾತ್‌ಗೆ ಏನೂ ಸಿಕ್ಕಿಲ್ಲ ಎಂದರ್ಥ. ಹೆಸರಿನ ದೊಡ್ಡ-ಸಣ್ಣ ಅಕ್ಷರ ನೋಡಿ. ಎಕ್ಸ್‌ಎಸ್‌ಡಿ ಎಲ್ಲಿದೆ ಎಂದು ಹೇಳುವ ಸ್ಕೀಮಾಲೊಕೇಶನ್ ದಾರಿ ಮಾತ್ರ ಎಕ್ಸ್‌ಜೆಬಿ ಫೈಲ್ ಇರುವ ಫೋಲ್ಡರಿನಿಂದ ಲೆಕ್ಕ, ಕಮಾಂಡ್ ಓಡಿಸುವ ಜಾಗದಿಂದಲ್ಲ; ಬಹಳ ಜನ ಎಡವುವುದು ಇಲ್ಲೇ.

ಜಾಕ್ಸ್‌ಬಿ 3 ಅಥವಾ ಮೇಲಿನದಾದರೆ ಎಕ್ಸ್‌ಜೆಬಿ ಫೈಲಿನ ಬೈಂಡಿಂಗ್ ನೇಮ್‌ಸ್ಪೇಸ್ ‘ಜಕಾರ್ತಾ ಇಇ’ಯದ್ದೇ (ಜಾವಾ ಇಇಯ ಹೊಸ ಹೆಸರು) ಹಾಕಿ. ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 11ರಿಂದ ಎಕ್ಸ್‌ಜೆಸಿ ಅದರ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು, ಉದಾಹರಣೆಗೆ ಮೇವನ್ (ಜಾವಾ ಬಿಲ್ಡ್ ಸಾಧನ) ಪ್ಲಗಿನ್ ಮೂಲಕ.