ಕಾಮಿಕ್ಸ್ ಪುಟ: ಮೊದಲು ಮಾತು, ಆಮೇಲೆ ಬಂಡೆ

ಕಾಮಿಕ್ಸ್ ಪುಟದಲ್ಲಿ ಹೆಚ್ಚು ಹೊತ್ತು ತಿನ್ನುವುದು ಅಳಿಸಿ ಮತ್ತೆ ಬರೆಯುವ ಕೆಲಸ. ಪಾತ್ರಗಳ ಮಾತು ಕೂರುವ ಬಲೂನಿಗೆ ಜಾಗ ಬಿಡದೆ ಚಿತ್ರ ಶುರು ಮಾಡಿದರೆ ಅದು ತಪ್ಪಿದ್ದಲ್ಲ. ಅದಕ್ಕೇ ನಾನು ಎ3 ಹಾಳೆಯಲ್ಲಿ ಚೌಕಗಳ ಗೆರೆ ಎಳೆದ ಕೂಡಲೇ ಮಾತು ಬರೆಯುತ್ತೇನೆ. ಮುಖ, ಕೈಕಾಲು ಆಮೇಲೆ.

ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ‘ಎಲ್ಲಿಗೆ ಹೊರಟಿದ್ದೀಯಪ್ಪಾ’ ಎಂಬಲ್ಲಿ ಲ, ದ, ಪ ಮೂರರ ಒತ್ತೂ ಕೆಳಗಿಳಿಯುತ್ತವೆ. ಅವುಗಳ ಕೆಳಗೇ ಗುಡಿಸಿನ ಅಕ್ಷರ ಬಂದರೆ ಎರಡೂ ಗುದ್ದಿಕೊಳ್ಳುತ್ತವೆ. ಅಕ್ಷರದ ಎತ್ತರ 5 ಮಿ.ಮೀ. ಇದ್ದರೆ, ಒಂದು ಸಾಲಿನ ತಲೆಕಟ್ಟಿನಿಂದ ಮುಂದಿನದಕ್ಕೆ 10 ಮಿ.ಮೀ. ಬಿಡುತ್ತೇನೆ. ಪುಟ ಎ4ಕ್ಕೆ ಇಳಿದಾಗ ಎಲ್ಲ ಅಳತೆಯೂ ಸುಮಾರು ಶೇ 71ಕ್ಕೆ ಕುಗ್ಗುತ್ತದೆ, ಅಕ್ಷರ ಮೂರೂವರೆ ಮಿ.ಮೀ. ಉಳಿಯುತ್ತದೆ. ಇನ್ನೂ ಸಣ್ಣದಾದರೆ ಒತ್ತಿನ ಸುರುಳಿ ಮಸಿಯಲ್ಲಿ ಮುಚ್ಚಿಹೋಗುತ್ತದೆ. ಮೊದಲು ಮಾತಾಡುವವರನ್ನು ಎಡಗಡೆ ನಿಲ್ಲಿಸಬೇಕು. ಅಂಗೈಯಗಲದ ಕಚ್ಚಾ ಚಿತ್ರದಲ್ಲೇ ಇದು ತೀರ್ಮಾನವಾದರೆ ಬಲೂನಿನ ಬಾಲಗಳು ಒಂದನ್ನೊಂದು ದಾಟುವುದಿಲ್ಲ.

ಆನೆಗೊಂದಿ ಕಡೆಯ ಕಥೆಯೆಂದರೆ ಚೌಕಕ್ಕೊಂದು ಬಂಡೆಗುಡ್ಡ. ಒಂದೊಂದು ಕಲ್ಲನ್ನೂ ಬಿರುಕು ಸಮೇತ ಬರೆಯಹೊರಟರೆ ದಿನವೇ ಸಾಲದು. ದೃಶ್ಯದ ಮೊದಲ ಚೌಕದಲ್ಲಿ ಮಾತ್ರ ಗುಡ್ಡ ಪೂರ್ತಿ ಬರೆಯುತ್ತೇನೆ. ಮುಂದಿನವಕ್ಕೆ ಹೊರಗೆರೆ, ಒಂದು ಮಗ್ಗುಲಿಗೆ ಕಪ್ಪು, ಅಷ್ಟೇ ಸಾಕು. ಓದುಗರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಬಂಡೆಯ ಫೋಟೊ ಬೆಳಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ ತೆಗೆಯಿರಿ. ನಡುಮಧ್ಯಾಹ್ನದ ಬಿಸಿಲಿಗೆ ನೆರಳೆಲ್ಲ ಬುಡಕ್ಕೆ ಸರಿದು ಗುಂಡುಕಲ್ಲೂ ಚಪ್ಪಟೆಯಾಗಿ ಕಾಣುತ್ತದೆ.

ಪೆನ್ಸಿಲ್ ಕೆಲಸ ಕಥೆಯ ಎಲ್ಲ ಪುಟಕ್ಕೂ ಒಟ್ಟಿಗೇ ಮುಗಿಸುವುದು ಲೇಸು. ಒಂದೇ ಪಾತ್ರದ ಮುಖ ಒಂದೇ ಕೂರಿಕೆಯಲ್ಲಿ ಬಂದರೆ ಮೂಗು, ಹುಬ್ಬು ಪುಟದಿಂದ ಪುಟಕ್ಕೆ ಬದಲಾಗುವುದಿಲ್ಲ.

ಇಂಕಿಗೆ ನಮ್ಮ ಬಿಸಿಲೇ ಶತ್ರು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮೇ ತಿಂಗಳ ತಾಪ 40 ಡಿಗ್ರಿ ದಾಟುತ್ತದೆ. ಫ್ಯಾನಿನ ಗಾಳಿ ನೇರ ಬಿದ್ದರಂತೂ ನಿಬ್ಬಿನ ಸೀಳಿನಲ್ಲೇ ಶಾಯಿ ಗಟ್ಟಿಯಾಗುತ್ತದೆ. ಗೆರೆ ನಡುವೆ ತುಂಡಾದರೆ ಒತ್ತಿ ಎಳೆಯಬೇಡಿ, ನಿಬ್ಬಿನ ಕಾಲು ಅಗಲಿ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ. ಬೆವರು ತಾಗಿದ ಕಡೆ ಕಾಗದ ಶಾಯಿ ಹಿಡಿಯುವುದಿಲ್ಲ, ಅಂಗೈ ಕೆಳಗೊಂದು ರದ್ದಿ ಹಾಳೆ ಇರಲೇಬೇಕು. ಬಲಗೈಯವರು ಎಡಮೇಲಿನ ಚೌಕದಿಂದ ಶುರು ಮಾಡಲಿ.

ಸಣ್ಣ ಗೆರೆ ಎಲ್ಲ ಮುಗಿದ ಮೇಲೆಯೇ ಬ್ರಷ್ಷಿನಲ್ಲಿ ಕಪ್ಪು ತುಂಬುತ್ತೇನೆ. ಮೊದಲೇ ತುಂಬಿದರೆ ತೇವಕ್ಕೆ ಹಾಳೆ ಉಬ್ಬಿ ನಿಬ್ಬು ಸಿಕ್ಕಿಕೊಳ್ಳುತ್ತದೆ. ಕಪ್ಪು ಮೇಲ್ನೋಟಕ್ಕೆ ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟು ರಬ್ಬರ್ ಹಾಕಬೇಕು.

ಎ4 ಸ್ಕ್ಯಾನರ್ ಮಾತ್ರ ಇದ್ದರೆ ಹಾಳೆಯನ್ನು ಎರಡು ಸಲ, ನಡುವಿನ ಸ್ವಲ್ಪ ಭಾಗ ಎರಡರಲ್ಲೂ ಬರುವಂತೆ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಜೋಡಿಸುವಾಗ ಚೌಕದ ಗೆರೆಯನ್ನೇ ಗುರುತಾಗಿಟ್ಟುಕೊಳ್ಳಿ.