ಮನೆತನದಲ್ಲಿ ಕ್ಯಾನ್ಸರ್: ಆಪ್ತಸಮಾಲೋಚನೆಗೆ ಹೋಗುವ ಮುನ್ನ

ಆನುವಂಶಿಕ ಕ್ಯಾನ್ಸರ್ ಕುರಿತ ಆಪ್ತಸಮಾಲೋಚನೆಗೆ ಹೋಗುವ ಮೊದಲು ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದುಕೊಳ್ಳಿ. ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ ಕ್ಯಾನ್ಸರ್ ಕಾಣಿಸಿತೆಂಬುದು ಅದರಲ್ಲಿರಲಿ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಿರಿಯರು ‘ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು’ ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಆ ಗಡ್ಡೆ ಅಂಡಾಶಯದ್ದೋ ಕರುಳಿನದೋ ಎಂಬುದರ ಮೇಲೆ ಅಪಾಯದ ಲೆಕ್ಕಾಚಾರವೇ ಬದಲಾಗುವುದರಿಂದ, ಹಳೆಯ ಟ್ರಂಕಿನಲ್ಲಿ ಬಯಾಪ್ಸಿ ವರದಿಯೋ ಡಿಸ್ಚಾರ್ಜ್ ಚೀಟಿಯೋ ಉಳಿದಿದೆಯೇ ಎಂದು ಹುಡುಕಿಸಿ. ಸ್ತನ ಕ್ಯಾನ್ಸರ್ ಎಂದೊಡನೆ ತಾಯಿಯ ಕಡೆಯವರನ್ನು ಮಾತ್ರ ವಿಚಾರಿಸುವುದು ರೂಢಿ. ಆದರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ವಂಶವಾಹಿಗಳ ದೋಷ ತಂದೆಯಿಂದಲೂ ಬರಬಹುದು. ದೋಷವುಳ್ಳವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಎಲೆಯಡಿಕೆ, ತಂಬಾಕು ಜಗಿಯುವ ಮನೆಯಲ್ಲಿ ಇಬ್ಬರು ಮೂವರಿಗೆ ಬಾಯಿ ಕ್ಯಾನ್ಸರ್ ಬಂದಿದ್ದರೆ ಅದಕ್ಕೆ ಸಾಮಾನ್ಯವಾಗಿ ಚಟವೇ ಕಾರಣ, ವಂಶವಲ್ಲ (ಅಡಿಕೆ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟವೇ).

ಸಾಧ್ಯವಿದ್ದಲ್ಲಿ ರೋಗ ಬಂದವರಿಗೇ ಮೊದಲು ವಂಶವಾಹಿ ದೋಷ ಪತ್ತೆಮಾಡುವ ರಕ್ತಪರೀಕ್ಷೆ ಮಾಡಿಸಿ. ಅವರಲ್ಲಿ ದೋಷ ಪತ್ತೆಯಾದರೆ ಉಳಿದವರಲ್ಲಿ ಸಾಮಾನ್ಯವಾಗಿ ಅದೊಂದನ್ನೇ ಹುಡುಕಿದರೆ ಸಾಕು. ವರದಿಯಲ್ಲಿ ಮಹತ್ವ ಅನಿಶ್ಚಿತವೆಂದು ಗುರುತಿಸಿದ (ಅಂದರೆ ರೋಗಕ್ಕೆ ಕಾರಣವೋ ಅಲ್ಲವೋ ಇನ್ನೂ ತಿಳಿಯದ) ವಂಶವಾಹಿ ಬದಲಾವಣೆ ಇದ್ದರೆ, ಅದನ್ನೇ ನೆಚ್ಚಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಕೆಲವು ವರ್ಷಗಳ ನಂತರ ಅದನ್ನು ಮರುಪರಿಶೀಲಿಸುವರೇ ಎಂದು ಸಮಾಲೋಚಕರನ್ನು ಕೇಳಿಕೊಳ್ಳಿ.