ಸರ್ವರ್ ಕೊಠಡಿಗೆ ಸ್ಟ್ಯಾಕ್ ಮಾಡಬಲ್ಲ ಸ್ವಿಚ್ ಆರಿಸುವ ಬಗೆ

ಹಾಸನ, ಚಿಕ್ಕಮಗಳೂರಿನಂತಹ ಜಿಲ್ಲಾ ಕೇಂದ್ರಗಳಲ್ಲಿ ಸಹಕಾರ ಬ್ಯಾಂಕುಗಳು, ಎಂಜಿನಿಯರಿಂಗ್ ಕಾಲೇಜುಗಳು, ಆಸ್ಪತ್ರೆಗಳು, ಕಾಫಿ ಕ್ಯೂರಿಂಗ್ ಘಟಕಗಳು ಎರಡು-ಮೂರು ರ‍್ಯಾಕ್‌ಗಳ ಸ್ವಂತ ಡೇಟಾ ಸೆಂಟರ್ ನಡೆಸುತ್ತವೆ. ಬೆಂಗಳೂರಿನ ದೊಡ್ಡ ಕೇಂದ್ರಗಳಲ್ಲಿ ನೆಟ್‌ವರ್ಕ್‌ಗೆಂದೇ ಪಾಳಿಯ ಮೇಲೆ ಎಂಜಿನಿಯರ್‌ಗಳು ಇರುತ್ತಾರೆ. ನಮ್ಮಲ್ಲಿ ಸರ್ವರ್, ಪ್ರಿಂಟರ್, ಸಿಸಿಟಿವಿ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬರೇ ಸಿಬ್ಬಂದಿ, ಇವನ್ನೆಲ್ಲ ಕೇಬಲ್ ಮೂಲಕ ಒಂದೇ ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳಾದ ಸ್ವಿಚ್‌ಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಆದುದರಿಂದ ಇಲ್ಲಿ ಸ್ವಿಚ್ ಕೊಳ್ಳುವವರು ಎಷ್ಟು ಪೋರ್ಟ್, ಎಷ್ಟು ಬೆಲೆ ಎಂದು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಪೆಟ್ಟಿಗೆ ಕೆಟ್ಟು ನಿಂತರೆ ಉಳಿದವುಗಳ ಗತಿ ಏನು? ಸ್ವಿಚ್‌ನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಬದಲಿಸುವ ದಿನ ಎಷ್ಟು ಹೊತ್ತು ಕೆಲಸ ನಿಲ್ಲುತ್ತದೆ? ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳಿಗೇ ಸೇರಿದ್ದು.

ಸ್ಟ್ಯಾಕ್ ಎಂದರೆ ಹಲವು ಸ್ವಿಚ್‌ಗಳನ್ನು ವಿಶೇಷ ಕೇಬಲ್‌ಗಳಿಂದ ಅಥವಾ ವೇಗದ ಪೋರ್ಟ್‌ಗಳಿಂದ ಜೋಡಿಸಿ, ಒಂದೇ ಸ್ವಿಚ್‌ನಂತೆ ನಡೆಸುವ ವ್ಯವಸ್ಥೆ. ಅವುಗಳಲ್ಲಿ ಒಂದು ಮುಖ್ಯ ಸದಸ್ಯನಾಗಿ ಎಲ್ಲ ನಿರ್ಧಾರಗಳನ್ನು ಕೈಗೊಳ್ಳುತ್ತದೆ, ಇನ್ನೊಂದು ಅದರ ಬದಲಿಯಾಗಿ ಸಿದ್ಧವಿರುತ್ತದೆ, ಉಳಿದವು ಡೇಟಾದ ತುಣುಕುಗಳಾದ ಪ್ಯಾಕೆಟ್‌ಗಳನ್ನು ಸಾಗಿಸುತ್ತವೆ. ನಿರ್ವಹಣೆಗೆ ಒಂದೇ ಐಪಿ ವಿಳಾಸ, ಒಂದೇ ಕಾನ್ಫಿಗರೇಶನ್ ಸಾಕು. ಸಿಸ್ಕೊದಲ್ಲಿ ಇದಕ್ಕೆ ಸ್ಟ್ಯಾಕ್‌ವೈಸ್, ಜುನಿಪರ್‌ನಲ್ಲಿ ವರ್ಚುವಲ್ ಚಾಸಿ, ಅರೂಬಾದಲ್ಲಿ ವಿಎಸ್‌ಎಫ್ ಎಂಬ ಹೆಸರುಗಳಿವೆ. ಸಿಸ್ಕೊದ ಕ್ಯಾಟಲಿಸ್ಟ್ 9300 ಮಾದರಿಯಲ್ಲಿ 8 ಸ್ವಿಚ್‌ಗಳವರೆಗೆ, ಅರೂಬಾ ಸಿಎಕ್ಸ್ 6300 ಮಾದರಿಯಲ್ಲಿ 10ರವರೆಗೆ ಒಂದು ಸ್ಟ್ಯಾಕ್ ಕಟ್ಟಬಹುದು.

ಇವೆಲ್ಲವೂ ನಿಜವಾದ ಸ್ಟ್ಯಾಕ್‌ಗಳು. ಆದರೆ ಕಡಿಮೆ ಬೆಲೆಯ ಕೆಲವು ಸ್ವಿಚ್‌ಗಳು ಒಂದೇ ಪರದೆಯಿಂದ ಹಲವು ಪೆಟ್ಟಿಗೆಗಳನ್ನು ನೋಡುವ ಸೌಲಭ್ಯವನ್ನಷ್ಟೇ ಕೊಡುತ್ತವೆ, ಒಳಗೆ ಪ್ರತಿಯೊಂದೂ ಪ್ರತ್ಯೇಕ ಸ್ವಿಚ್ಚಾಗಿಯೇ ಉಳಿಯುತ್ತದೆ. ಅವು ಕೂಡ ಅದೇ ಹೆಸರಿನಲ್ಲಿ ಮಾರಾಟವಾಗುವುದರಿಂದ, ಮಾರಾಟಗಾರರಿಗೆ ಒಂದು ಪರೀಕ್ಷೆ ಒಡ್ಡಿ: ಒಂದು ಸರ್ವರ್‌ನ ಎರಡು ಕೇಬಲ್‌ಗಳನ್ನು ಎರಡು ಬೇರೆ ಪೆಟ್ಟಿಗೆಗಳಿಗೆ ಹಾಕಿ, ಹಲವು ಕೇಬಲ್‌ಗಳನ್ನು ಒಂದಾಗಿಸುವ ಎಲ್‌ಎಸಿಪಿ ಎಂಬ ನಿಯಮದ ಮೂಲಕ ಎರಡನ್ನೂ ಒಂದೇ ಲಿಂಕ್ ಆಗಿ ಕಟ್ಟಲು ಬರುತ್ತದೆಯೇ? ಬರುವುದಿಲ್ಲ ಎಂದಾದರೆ ಅದು ನಿಮ್ಮ ಕೆಲಸಕ್ಕೆ ಬೇಕಾದ ಸ್ಟ್ಯಾಕ್ ಅಲ್ಲ.

ಸ್ಟ್ಯಾಕ್ ಎಲ್ಲಿ, ಜೋಡಿ ಎಲ್ಲಿ

ಈಗ ಮುಖ್ಯ ನಿರ್ಧಾರಕ್ಕೆ ಬರೋಣ. ಸ್ಟ್ಯಾಕ್‌ನ ಅನುಕೂಲ ಮತ್ತು ಅಪಾಯ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಇಡೀ ಗುಂಪಿಗೆ ಒಂದೇ ತಲೆ ಇರುವುದರಿಂದ ನಿರ್ವಹಣೆ ಸುಲಭ. ಅದೇ ಕಾರಣಕ್ಕೆ ಆ ತಲೆಯ ಸಾಫ್ಟ್‌ವೇರ್‌ನಲ್ಲಿ ದೋಷ ಕಾಣಿಸಿಕೊಂಡರೆ ಎಲ್ಲ ಸದಸ್ಯರೂ ಒಟ್ಟಿಗೆ ಬೀಳಬಹುದು. ಫರ್ಮ್‌ವೇರ್ ಬದಲಿಸುವಾಗ ಸಾಮಾನ್ಯವಾಗಿ ಇಡೀ ಸ್ಟ್ಯಾಕ್ ಒಟ್ಟಿಗೆ ರೀಬೂಟ್ ಆಗುತ್ತದೆ. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ನವೀಕರಿಸುವ ಅಥವಾ ನಿಲುಗಡೆಯ ಸಮಯ ತಗ್ಗಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಆದರೆ ಅದು ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ನಡೆಯುತ್ತದೆ ಎಂಬುದಕ್ಕೆ ಷರತ್ತುಗಳಿರುತ್ತವೆ, ಅವುಗಳನ್ನು ಖರೀದಿಗೆ ಮೊದಲೇ ಓದಬೇಕು.

ಸರ್ವರ್‌ಗಳು ಮತ್ತು ಸ್ಟೋರೇಜ್ ಸೇರುವ ಜಾಗದಲ್ಲಿ ಈ ನಿಲುಗಡೆ ದುಬಾರಿ. ಸ್ಟೋರೇಜ್‌ನ ದಾರಿ ಕೆಲವು ನಿಮಿಷ ಕಡಿದುಹೋದರೂ, ಒಂದೇ ಸರ್ವರ್‌ನೊಳಗೆ ಹಲವು ಕಂಪ್ಯೂಟರ್‌ಗಳಂತೆ ನಡೆಯುವ ವರ್ಚುವಲ್ ಯಂತ್ರಗಳು ತಮ್ಮ ಡಿಸ್ಕ್ ಕಾಣದೆ ನಿಂತುಬಿಡುತ್ತವೆ, ಡೇಟಾಬೇಸನ್ನು ಮತ್ತೆ ಸರಿಯಾಗಿ ಎಬ್ಬಿಸುವುದಕ್ಕೆ ಗಂಟೆಗಳೇ ಬೇಕಾಗಬಹುದು. ಆದುದರಿಂದ ಈ ಜಾಗಕ್ಕೆ ನಾನು ಸೂಚಿಸುವುದು ಸ್ಟ್ಯಾಕ್ ಅಲ್ಲ, ಎಂ-ಲ್ಯಾಗ್ ಎಂಬ ಜೋಡಿ ವ್ಯವಸ್ಥೆ. ಇದರಲ್ಲಿ ಎರಡು ಸ್ವಿಚ್‌ಗಳು ತಮ್ಮ ತಮ್ಮ ಸಾಫ್ಟ್‌ವೇರನ್ನು ಪ್ರತ್ಯೇಕವಾಗಿ ನಡೆಸಿಕೊಂಡೇ ಸರ್ವರ್‌ನ ಕಣ್ಣಿಗೆ ಮಾತ್ರ ಒಂದಾಗಿ ಕಾಣಿಸಿಕೊಳ್ಳುತ್ತವೆ. ಸಿಸ್ಕೊ ನೆಕ್ಸಸ್ ಸ್ವಿಚ್‌ಗಳಲ್ಲಿ ಇದೇ ಬಗೆಯ ವ್ಯವಸ್ಥೆಗೆ ವಿಪಿಸಿ ಎನ್ನುತ್ತಾರೆ, ಅರಿಸ್ಟಾದಲ್ಲಿ ಎಂ-ಲ್ಯಾಗ್ ಎಂದೇ ಹೆಸರು. ಒಂದನ್ನು ನವೀಕರಿಸಿ ರೀಬೂಟ್ ಮಾಡುವಾಗ ಇನ್ನೊಂದು ಎಲ್ಲ ಭಾರವನ್ನೂ ಹೊರುತ್ತದೆ. ಕಾನ್ಫಿಗರೇಶನ್ ಎರಡು ಕಡೆ ಬರೆಯಬೇಕು, ಎರಡೂ ಒಂದೇ ರೀತಿ ಇರುವಂತೆ ಎಚ್ಚರ ವಹಿಸಬೇಕು. ಆ ಶ್ರಮಕ್ಕೆ ತಕ್ಕ ಫಲವಿದೆ.

ಹಾಗೆಂದು ಸ್ಟ್ಯಾಕ್ ಬೇಡವೆಂದಲ್ಲ. ಕಚೇರಿಯ ಮಹಡಿಗಳ ಕಂಪ್ಯೂಟರ್‌ಗಳು, ಕಾಲೇಜಿನ ಲ್ಯಾಬ್‌ಗಳು, ಕ್ಯಾಮೆರಾಗಳು, ವೈಫೈ ಪೆಟ್ಟಿಗೆಗಳು ಬಂದು ಸೇರುವ ಸ್ವಿಚ್‌ಗಳಿಗೆ ಸ್ಟ್ಯಾಕ್ ಬಹಳ ಸೊಗಸಾಗಿ ಹೊಂದುತ್ತದೆ. ಭಾನುವಾರ ಬೆಳಿಗ್ಗೆ ಅವು ಅರ್ಧ ಗಂಟೆ ನಿಂತರೆ ಯಾರಿಗೂ ತೊಂದರೆಯಿಲ್ಲ. ಸಿಬ್ಬಂದಿ ಒಬ್ಬರೇ ಇರುವಲ್ಲಿ ಆರು ಸ್ವಿಚ್‌ಗಳ ಬದಲು ಒಂದನ್ನು ನೋಡಿಕೊಂಡಂತಾಗುವುದು ಸಣ್ಣ ಲಾಭವಲ್ಲ. ಭಾನುವಾರವೂ ನಡೆಯುವ ಆಸ್ಪತ್ರೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ತುರ್ತು ಚಿಕಿತ್ಸಾ ವಿಭಾಗದ ಸ್ವಿಚ್‌ಗಳನ್ನು ಬೇರೆಯೇ ಆಗಿ ಯೋಚಿಸಬೇಕು.

ಪೋರ್ಟ್‌ಗಳ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 12 ಸರ್ವರ್‌ಗಳಿವೆ, ಪ್ರತಿಯೊಂದಕ್ಕೂ 10 ಗಿಗಾಬಿಟ್‌ನ ಎರಡು ಪೋರ್ಟ್, ಸ್ಟೋರೇಜ್‌ಗೆ ಅಂತಹ ನಾಲ್ಕು ಪೋರ್ಟ್. ಒಟ್ಟು 28. ಎರಡು ಸ್ವಿಚ್‌ಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 14. ಹಾಗಾಗಿ 24 ಪೋರ್ಟ್‌ಗಳ ಎರಡು ಸ್ವಿಚ್ ಸಾಕು, ಮುಂದಿನ ಐದು ವರ್ಷದ ಬೆಳವಣಿಗೆಗೂ ಜಾಗ ಉಳಿಯುತ್ತದೆ. ಇದೇ ಹಣದಲ್ಲಿ 48 ಪೋರ್ಟ್‌ಗಳ ಒಂದೇ ಸ್ವಿಚ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದೊಂದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಸರ್ವರ್‌ಗಳ ರಿಮೋಟ್ ನಿರ್ವಹಣೆಯ 1 ಗಿಗಾಬಿಟ್ ಪೋರ್ಟ್‌ಗಳನ್ನು ಈ ದುಬಾರಿ ಸ್ವಿಚ್‌ಗಳಿಗೆ ಹಾಕದೆ ಒಂದು ಸಾಧಾರಣ ಸ್ವಿಚ್‌ಗೆ ಪ್ರತ್ಯೇಕವಾಗಿ ಹಾಕಿ. ಮುಖ್ಯ ಸ್ವಿಚ್ ಕೈಕೊಟ್ಟ ದಿನ ಒಳಗೆ ಹೋಗಲು ಉಳಿಯುವ ದಾರಿ ಅದೊಂದೇ.

ಡೇಟಾಶೀಟ್‌ನಲ್ಲಿ ಕಾಣುವ ದೊಡ್ಡ ಅಂಕಿಗಳನ್ನು ನೀವೇ ತಾಳೆ ನೋಡಬಹುದು. 1 ಗಿಗಾಬಿಟ್‌ನ 48 ಪೋರ್ಟ್, ಬೇರೆ ಸ್ವಿಚ್‌ಗಳ ಕಡೆ ಹೋಗುವ 10 ಗಿಗಾಬಿಟ್‌ನ 4 ಅಪ್‌ಲಿಂಕ್ ಪೋರ್ಟ್ ಇರುವ ಸ್ವಿಚ್‌ನಲ್ಲಿ ಒಟ್ಟು 88 ಗಿಗಾಬಿಟ್. ಹೋಗುವುದು, ಬರುವುದು ಎರಡನ್ನೂ ಸೇರಿಸಿ 176 ಎಂದು ಮುದ್ರಿಸುತ್ತಾರೆ. ಅತಿ ಸಣ್ಣ ಪ್ಯಾಕೆಟ್‌ಗಳ ಲೆಕ್ಕದಲ್ಲಿ ಪ್ರತಿ ಗಿಗಾಬಿಟ್‌ಗೆ ಸೆಕೆಂಡಿಗೆ ಸುಮಾರು 14.88 ಲಕ್ಷ ಪ್ಯಾಕೆಟ್ ಬೇಕಾಗುವುದರಿಂದ, 88ಕ್ಕೆ ಸುಮಾರು 13.1 ಕೋಟಿ ಪ್ಯಾಕೆಟ್ ಸಾಗಿಸುವ ಶಕ್ತಿ ಇರಬೇಕು. ಶೀಟಿನ ಅಂಕಿ ಇದಕ್ಕಿಂತ ಕಡಿಮೆಯಿದ್ದರೆ ಎಲ್ಲ ಪೋರ್ಟ್‌ಗಳೂ ಪೂರ್ಣ ವೇಗದಲ್ಲಿ ಓಡಲಾರವು. ಸ್ಟ್ಯಾಕ್ ಕೇಬಲ್‌ನ ವೇಗವನ್ನೂ ಹೀಗೆಯೇ ಎರಡೂ ದಿಕ್ಕು ಸೇರಿಸಿ ಹೇಳುವ ರೂಢಿಯಿದೆ, ಕೊಟೇಶನ್‌ಗಳನ್ನು ಹೋಲಿಸುವಾಗ ಎಲ್ಲರ ಅಂಕಿಯನ್ನೂ ಒಂದೇ ಅಳತೆಗೆ ತನ್ನಿ.

ಸ್ಟ್ಯಾಕ್‌ಗೆಂದೇ ಮೀಸಲಾದ ಪೋರ್ಟ್ ಹಿಂಭಾಗದಲ್ಲಿ ಇದೆಯೇ, ಅಥವಾ ಅಪ್‌ಲಿಂಕ್ ಪೋರ್ಟ್‌ಗಳನ್ನೇ ಬಳಸಬೇಕೇ ಎಂಬುದನ್ನು ತಪ್ಪದೆ ನೋಡಿ. ನಾಲ್ಕು ಅಪ್‌ಲಿಂಕ್‌ಗಳಲ್ಲಿ ಎರಡು, ಸದಸ್ಯರನ್ನು ಸುತ್ತಾಗಿ ಜೋಡಿಸುವ ಸ್ಟ್ಯಾಕ್‌ನ ಉಂಗುರಕ್ಕೆ ಹೋದರೆ ಹೊರಗೆ ಹೋಗಲು ಉಳಿಯುವುದು ಎರಡೇ. ಅಪ್‌ಲಿಂಕ್ ಬಳಸುವ ಮಾದರಿಗೂ ಒಂದು ಗುಣವಿದೆ: ಫೈಬರ್ ಹಾಕಿ ಬೇರೆ ಬೇರೆ ಮಹಡಿಯ ಸ್ವಿಚ್‌ಗಳನ್ನೂ ಒಂದೇ ಸ್ಟ್ಯಾಕ್‌ಗೆ ಸೇರಿಸಬಹುದು. ಮೀಸಲು ಕೇಬಲ್‌ಗಳಾದರೆ ಉದ್ದ ಕಡಿಮೆ. ಕ್ಯಾಟಲಿಸ್ಟ್ 9300ರ ಸ್ಟ್ಯಾಕ್‌ವೈಸ್-480 ಕೇಬಲ್‌ಗಳು ಅರ್ಧ ಮೀಟರ್, 1 ಮೀಟರ್, 3 ಮೀಟರ್ ಉದ್ದದಲ್ಲಿ ಬರುತ್ತವೆ.

ಡೇಟಾಶೀಟ್‌ನಲ್ಲಿ ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಮೆಮೊರಿ, ಎಂಬ ಸಾಲನ್ನು ಬಹಳ ಮಂದಿ ಓದದೆ ಬಿಡುತ್ತಾರೆ. 10 ಗಿಗಾಬಿಟ್ ವೇಗದ ಸ್ಟೋರೇಜ್ 1 ಗಿಗಾಬಿಟ್‌ನ ಹಳೆಯ ಸರ್ವರ್‌ಗೆ ಒಮ್ಮೆಲೇ ಡೇಟಾ ಸುರಿದರೆ ಸೆಕೆಂಡಿಗೆ 9 ಗಿಗಾಬಿಟ್‌ನಷ್ಟು ಸ್ವಿಚ್‌ನಲ್ಲೇ ಕಾಯಬೇಕು. 12 ಮೆಗಾಬೈಟ್ ಬಫರ್ ಎಂದರೆ 96 ಮೆಗಾಬಿಟ್, ಇಡೀ ಬಫರನ್ನು ಆ ಒಂದೇ ಪೋರ್ಟ್‌ಗೆ ಬಿಟ್ಟುಕೊಟ್ಟರೂ ಅದು ಸುಮಾರು 11 ಮಿಲಿಸೆಕೆಂಡಿನಲ್ಲಿ ತುಂಬಿಹೋಗುತ್ತದೆ. ಆನಂತರ ಬಂದ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಲಿಂಕ್ ಬಳಕೆಯ ಗ್ರಾಫ್ ಮಾತ್ರ ಐದು ನಿಮಿಷದ ಸರಾಸರಿ ತೋರಿಸುತ್ತಾ ಎಲ್ಲ ಸರಿಯಿದೆ ಎನ್ನುತ್ತದೆ. ಮಹಡಿಯ ಕಂಪ್ಯೂಟರ್‌ಗಳಿಗೆಂದು ಮಾಡಿದ ಸ್ವಿಚ್‌ಗಳಲ್ಲಿ ಬಫರ್ ಚಿಕ್ಕದಿರುವುದು ಸಾಮಾನ್ಯ. ಸ್ಟೋರೇಜ್ ಜೋಡಿಸುವ ಜಾಗಕ್ಕೆ ಅವುಗಳನ್ನು ತರಬಾರದು ಎನ್ನುವುದಕ್ಕೆ ಇದು ಎರಡನೆಯ ಕಾರಣ.

ಗಾಳಿ, ತೇವ, ಕರೆಂಟ್

ಸರ್ವರ್‌ಗಳು ಮುಂದಿನಿಂದ ತಣ್ಣನೆಯ ಗಾಳಿ ಎಳೆದು ಹಿಂದಕ್ಕೆ ಬಿಸಿಗಾಳಿ ಬಿಡುತ್ತವೆ. ಅವುಗಳ ಪೋರ್ಟ್‌ಗಳು ಹಿಂಭಾಗದಲ್ಲಿರುವುದರಿಂದ ಸ್ವಿಚ್‌ನ ಪೋರ್ಟ್‌ಗಳೂ ಹಿಂದಕ್ಕೆ ಮುಖ ಮಾಡಿದರೆ ಕೇಬಲ್ ಹಾಕುವುದು ಸುಲಭ. ಆಗ ಸ್ವಿಚ್ ತನ್ನ ಪವರ್ ಸಪ್ಲೈ ಇರುವ ಕಡೆಯಿಂದ ಗಾಳಿ ಎಳೆದು ಪೋರ್ಟ್‌ಗಳ ಕಡೆ ಬಿಡಬೇಕು. ದಿಕ್ಕು ತಿರುಗುಮುರುಗಾದರೆ ಸರ್ವರ್‌ಗಳ ಬಿಸಿಗಾಳಿಯನ್ನೇ ಸ್ವಿಚ್ ಉಸಿರಾಡುತ್ತದೆ. ನೆಕ್ಸಸ್ ಸ್ವಿಚ್‌ಗಳ ಫ್ಯಾನ್ ಮಾಡ್ಯೂಲ್‌ನಲ್ಲಿ ನೀಲಿ ಬಣ್ಣವಿದ್ದರೆ ಗಾಳಿ ಪೋರ್ಟ್ ಕಡೆಯಿಂದ ಹೊರಬೀಳುತ್ತದೆ, ಕಡುಗೆಂಪಿದ್ದರೆ ಆ ಕಡೆಯಿಂದ ಒಳಗೆ ಹೋಗುತ್ತದೆ. ಆರ್ಡರ್ ಕೋಡ್‌ನಲ್ಲೇ ಇದನ್ನು ಸೂಚಿಸಬೇಕಾಗುತ್ತದೆ, ಆಮೇಲೆ ಬದಲಿಸುವುದೆಂದರೆ ಫ್ಯಾನ್ ಮತ್ತು ಪವರ್ ಸಪ್ಲೈ ಎರಡನ್ನೂ ಬೇರೆ ಕೊಂಡಂತೆ.

ಮಲೆನಾಡಿನ ತಂಪನ್ನು ನಂಬಿ ಎಸಿ ಆರಿಸಿ ಕಿಟಕಿ ತೆರೆದಿಡುವ ಅಭ್ಯಾಸ ಚಿಕ್ಕಮಗಳೂರಿನ ಕಡೆ ಹಲವರಿಗಿದೆ. ಹವಾನಿಯಂತ್ರಣ ಎಂಜಿನಿಯರ್‌ಗಳ ಅಮೆರಿಕದ ಆಶ್ರೇ ಸಂಸ್ಥೆ ಇಂತಹ ಕೊಠಡಿಗಳಿಗೆ ಶಿಫಾರಸು ಮಾಡಿರುವ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸ್, ಮುಂಗಾರಿನಲ್ಲಿ ನಮ್ಮ ಹೊರಗಿನ ಗಾಳಿಯೇ ಅದರೊಳಗೆ ಬರುತ್ತದೆ ನಿಜ. ಆದರೆ ಆ ಗಾಳಿಯ ತೇವ ಮಿತಿ ಮೀರಿರುತ್ತದೆ. ಗೋಡೆ ಬೆವರುವ ತಿಂಗಳುಗಳಲ್ಲಿ ಕಿಟಕಿ ತೆರೆದ ಕೊಠಡಿಯ ಪೋರ್ಟ್‌ಗಳ ಲೋಹ ಕ್ರಮೇಣ ಕಿಲುಬು ಹಿಡಿಯುತ್ತದೆ. ಖಾಲಿ ಪೋರ್ಟ್‌ಗಳಿಗೆ ಧೂಳಿನ ಮುಚ್ಚಳ ಹಾಕಿ, ಕಿಟಕಿ ಮುಚ್ಚಿ, ತೇವದ ಮಾಪಕವೊಂದನ್ನು ರ‍್ಯಾಕ್‌ನ ಮುಂದೆ ತೂಗುಹಾಕಿ.

ಪವರ್ ಸಪ್ಲೈ ಎರಡಿರುವ, ಓಡುತ್ತಿರುವಾಗಲೇ ಬದಲಿಸಬಹುದಾದ ಮಾದರಿಯನ್ನೇ ಕೊಳ್ಳಿ, ಎರಡನ್ನೂ ಬೇರೆ ಬೇರೆ ಯುಪಿಎಸ್‌ಗೆ ಜೋಡಿಸಿ. ಹಾಸನಕ್ಕೆ ಚೆಸ್ಕಾಂ, ಚಿಕ್ಕಮಗಳೂರಿಗೆ ಮೆಸ್ಕಾಂ ವಿದ್ಯುತ್ ಕೊಡುತ್ತವೆ. ಯಾರದೇ ಸರಬರಾಜಾದರೂ ಮುಂಗಾರುಪೂರ್ವದ ಗುಡುಗು-ಸಿಡಿಲಿನ ದಿನಗಳಲ್ಲಿ ಕರೆಂಟ್ ಹೋಗಿ ಬರುವುದು ತಪ್ಪಿದ್ದಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಲೇಬೇಡಿ, ನೂರು ಮೀಟರ್‌ನೊಳಗಿನ ದೂರವಾದರೂ ಫೈಬರ್ ಹಾಕಿಸಿ. ಸಿಡಿಲಿನ ಹೊಡೆತ ತಾಮ್ರದ ಮೂಲಕ ಬಂದರೆ ಒಂದು ಪೋರ್ಟ್‌ಗೆ ನಿಲ್ಲುವುದಿಲ್ಲ. ಸ್ವಿಚ್‌ನ ಅರ್ಥಿಂಗ್ ತಿರುಪನ್ನು ರ‍್ಯಾಕ್‌ನ ಅರ್ಥಿಂಗ್ ಪಟ್ಟಿಗೆ ಸೇರಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿ.

ಟೆಂಡರ್ ಮತ್ತು ವಾರಂಟಿ

ಸರ್ಕಾರಿ ಸಂಸ್ಥೆಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ಖರೀದಿ ಮಾಡುತ್ತವೆ. ತಾಂತ್ರಿಕ ವಿವರದಲ್ಲಿ ಏನು ಬರೆದಿಲ್ಲವೋ ಅದು ಕಡಿಮೆ ಬೆಲೆಯ ಬಿಡ್‌ನಲ್ಲಿ ಬರುವುದೂ ಇಲ್ಲ. ಸ್ಟ್ಯಾಕ್ ಮಾಡಬಲ್ಲದು ಎಂದಷ್ಟೇ ಬರೆದರೆ ಸ್ಟ್ಯಾಕ್ ಕೇಬಲ್ ಮತ್ತು ಮಾಡ್ಯೂಲ್ ಇಲ್ಲದ ಸ್ವಿಚ್ ಕೈಸೇರಬಹುದು. ಎಷ್ಟು ಸದಸ್ಯರು, ಪ್ರತಿ ದಿಕ್ಕಿಗೆ ಎಷ್ಟು ವೇಗ, ಕೇಬಲ್‌ಗಳ ಉದ್ದ ಮತ್ತು ಸಂಖ್ಯೆ, ಎರಡು ಪೆಟ್ಟಿಗೆಗಳ ನಡುವಿನ ಎಲ್‌ಎಸಿಪಿ, ಗಾಳಿಯ ದಿಕ್ಕು, ಬೇಕಾದ ಎಲ್ಲ ಲೈಸೆನ್ಸ್‌ಗಳು ಮತ್ತು ಅವುಗಳ ಅವಧಿ, ಇಷ್ಟನ್ನೂ ಹೆಸರಿಸಿ ಬರೆಯಿರಿ. ಒಂದೇ ಕಂಪನಿಯ ಎಲ್ಲ ಮಾದರಿಗಳೂ ಪರಸ್ಪರ ಸೇರುವುದಿಲ್ಲ. ಕ್ಯಾಟಲಿಸ್ಟ್ 9300ರ ಜೊತೆ 9300ಎಲ್ ಸ್ಟ್ಯಾಕ್ ಆಗುವುದಿಲ್ಲ. ಈಗ ಎರಡು ಕೊಂಡು ನಾಲ್ಕು ವರ್ಷದ ನಂತರ ಇನ್ನೆರಡು ಸೇರಿಸುವ ಯೋಚನೆಯಿದ್ದರೆ, ಅಷ್ಟರಲ್ಲಿ ಆ ಮಾದರಿಯ ಮಾರಾಟ ನಿಲ್ಲಬಹುದು ಎಂಬುದನ್ನು ನೆನಪಿಡಿ.

ಹಾಸನಕ್ಕೆ ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿಗೆ ಸುಮಾರು 240. ಮರುದಿನವೇ ಬದಲಿ ಕೊಡುತ್ತೇವೆ ಎಂಬ ವಾರಂಟಿ ನಿಮ್ಮ ಪಿನ್‌ಕೋಡ್‌ಗೂ ಅನ್ವಯಿಸುತ್ತದೆ ಎಂದು ಲಿಖಿತವಾಗಿ ಪಡೆಯಿರಿ. ಆದರೂ ನಾನಾದರೆ ದುಬಾರಿ ವಾರಂಟಿಯ ಒಂದಂಶದ ಹಣದಲ್ಲಿ ಅದೇ ಮಾದರಿಯ ಒಂದು ಸ್ವಿಚ್ಚನ್ನು ಹೆಚ್ಚುವರಿಯಾಗಿ ಕೊಂಡು, ಅದೇ ಫರ್ಮ್‌ವೇರ್ ಹಾಕಿ, ಕಪಾಟಿನಲ್ಲಿ ಇಡುವುದನ್ನೇ ಮೆಚ್ಚುತ್ತೇನೆ.

ಜೋಡಿಸಿದ ಮೇಲಿನ ಪರೀಕ್ಷೆ

ಸ್ಟ್ಯಾಕ್ ಕಟ್ಟುವಾಗ ಮೊದಲ ಸ್ವಿಚ್‌ನ ಎರಡನೆಯ ಸ್ಟ್ಯಾಕ್ ಪೋರ್ಟ್‌ನಿಂದ ಎರಡನೆಯ ಸ್ವಿಚ್‌ನ ಮೊದಲ ಸ್ಟ್ಯಾಕ್ ಪೋರ್ಟ್‌ಗೆ ಕೇಬಲ್ ಹಾಕುತ್ತಾ ಕೆಳಗಿಳಿಯಬೇಕು. ಕೊನೆಯ ಸ್ವಿಚ್‌ನಿಂದ ಮತ್ತೆ ಮೊದಲನೆಯದಕ್ಕೆ ಉದ್ದನೆಯ ಕೇಬಲ್ ತಂದು ಉಂಗುರ ಮುಚ್ಚಬೇಕು. ಈ ಕೊನೆಯ ಕೇಬಲ್ ಹಾಕದಿದ್ದರೂ ಸ್ಟ್ಯಾಕ್ ಕೆಲಸ ಮಾಡುವುದರಿಂದ ಅನೇಕ ಕಡೆ ಅದು ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಉಂಗುರದಲ್ಲಿ ಒಂದು ಕಡೆ ಕಡಿದರೆ ವೇಗ ತಗ್ಗಿ ಕೆಲಸ ಸಾಗುತ್ತದೆ. ಉಂಗುರ ಮುಚ್ಚದೆ ಒಂದು ಕಡೆ ಕಡಿದರೆ ಸ್ಟ್ಯಾಕ್ ಎರಡು ಹೋಳಾಗಿ, ಎರಡೂ ಹೋಳುಗಳು ಒಂದೇ ಐಪಿ ವಿಳಾಸ ಹಿಡಿದುಕೊಂಡು ಜಗಳಕ್ಕೆ ನಿಲ್ಲಬಹುದು. ಅಂತಹ ಸ್ಥಿತಿಯನ್ನು ಗುರುತಿಸಿ ಒಂದು ಹೋಳನ್ನು ಸುಮ್ಮನಾಗಿಸುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ, ಅದನ್ನು ಸಕ್ರಿಯಗೊಳಿಸಿ.

ಅಳವಡಿಸಲು ಬಂದ ಎಂಜಿನಿಯರ್ ಇನ್ನೂ ಕೊಠಡಿಯಲ್ಲಿರುವಾಗಲೇ ಒಂದು ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ನಿರಂತರ ಪಿಂಗ್, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ, ಹಚ್ಚಿಡಿ. ಮೊದಲು ಒಂದು ಸ್ಟ್ಯಾಕ್ ಕೇಬಲ್ ಕೀಳಿಸಿ, ಎಷ್ಟು ಪಿಂಗ್ ತಪ್ಪಿದವು ಎಂದು ಬರೆದುಕೊಳ್ಳಿ. ಕೇಬಲ್ ಮತ್ತೆ ಹಾಕಿಸಿ, ಸ್ಟ್ಯಾಕ್ ಸ್ಥಿರವಾದ ಮೇಲೆ ಮುಖ್ಯ ಸದಸ್ಯನ ಎರಡೂ ಪವರ್ ಕೇಬಲ್ ಕೀಳಿಸಿ, ಮತ್ತೆ ಬರೆದುಕೊಳ್ಳಿ. ಆ ಸ್ವಿಚ್ ಹಿಂದಿರುಗಿ ಬಂದಾಗಲೂ ಲೆಕ್ಕ ಬಿಡಬೇಡಿ, ಹೋಗುವಾಗ ತೊಂದರೆ ಕೊಡದ ಸದಸ್ಯ ಮರಳಿ ಸೇರುವಾಗ ಕೊಡುವುದುಂಟು. ಸರ್ವರ್‌ಗಳ ಎಂ-ಲ್ಯಾಗ್ ಜೋಡಿಗೂ ಇದೇ ಕ್ರಮ ಅನುಸರಿಸಿ. ಈ ಅಂಕಿಗಳಿರುವ ಹಾಳೆಗೆ ಎರಡೂ ಕಡೆಯವರ ಸಹಿ ಬಿದ್ದ ನಂತರವೇ ಅಂತಿಮ ಬಿಲ್ ಪಾವತಿ ಎಂಬ ಷರತ್ತನ್ನು ಖರೀದಿ ಆದೇಶದಲ್ಲೇ ಬರೆದಿಡಿ.